ಬ್ಯಾರನ್ನಿನಲ್ಲೊಂದು ಸ್ಟುಡಿಯೋ

ನಮ್ಮ ಆಫೀಸಿನಲ್ಲಿ ಇತ್ತೀಚೆಗೆ ಡ್ರಮ್ಮರ್‌ಗಳು ಜಾಸ್ತಿಯಾಗಿದ್ದಾರೆ. ಸೋಮವಾರದಿಂದ ಶುಕ್ರವಾರದವರೆಗೆ ಜಾವಾ ಬರೆಯೋರು ಶನಿವಾರ, ಭಾನುವಾರ ಎಲೆಕ್ಟ್ರಾನಿಕ್ ಡ್ರಮ್ ಕಿಟ್ ಮುಂದೆ ಕೂರ್ತಾರೆ. ಒಳ್ಳೇದೇ. ಇವರಲ್ಲಿ ಯಾರಾದರೂ ಮನೆಯಲ್ಲೇ ರೆಕಾರ್ಡ್ ಮಾಡ್ತೀನಿ ಅಂತ ಹೊರಟರೆ ಮೊದಲು ಕೇಳೋ ಪ್ರಶ್ನೆ ಒಂದೇ: "ಯಾವ ಲ್ಯಾಪ್‌ಟಾಪ್ ತಗೊಳ್ಳಲಿ? ಐ7 ಸಾಕಾ, ಐ9 ಬೇಕಾ? 32 ಜಿಬಿ ರ‍್ಯಾಮ್ ಹಾಕಿಸ್ಲಾ?"

ಇವರಿಗೆಲ್ಲ ನಾನು ನನ್ನ ಭಾವನ ಸೆಟಪ್ ಬಗ್ಗೆ ಹೇಳ್ತೀನಿ. ಭಾವ ಅಂದರೆ ಸೋದರಮಾವನ ಮಗ, ನನಗಿಂತ ಎರಡು ವರ್ಷ ದೊಡ್ಡವನು. ಊರು ಬೈಲಕುಪ್ಪೆ ಹತ್ತಿರದ ಹಳ್ಳಿ. ನೀವು ಮಡಿಕೇರಿಗೆ ಹೋಗುವಾಗ ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ನೋಡಿರ್ತೀರಿ, ಮೋಮೋ ತಿಂದಿರ್ತೀರಿ, ಕುಶಾಲನಗರದ ಕಡೆ ಮುಂದೆ ಹೋಗಿರ್ತೀರಿ. ಆ ಚಿನ್ನದ ಬಣ್ಣದ ದೇವಸ್ಥಾನ ಶುರುವಾಗಿದ್ದು 1999ರಲ್ಲಿ. ಟಿಬೆಟಿನವರು ಬಂದು ನೆಲೆಸಿದ್ದು 1960ರ ದಶಕದ ಆರಂಭದಲ್ಲಿ. ಹೆದ್ದಾರಿಯಿಂದ ಒಳಗೆ ತಿರುಗಿದರೆ ಮಾತ್ರ ನಮ್ಮ ಲೋಕ: ಹೊಗೆಸೊಪ್ಪಿನ ಹೊಲ, ಮುಸುಕಿನ ಜೋಳ, ಊರೂರಿಗೂ ಎದ್ದು ನಿಂತಿರೋ ಇಟ್ಟಿಗೆ ಬ್ಯಾರನ್‌ಗಳು. ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ಬ್ಯಾರನ್ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳ್ತೀನಿ: ಹೊಗೆಸೊಪ್ಪನ್ನ ಬಿಸಿಗಾಳಿಯಲ್ಲಿ ಬೇಯಿಸಿ ಒಣಗಿಸೋ, ಕಿಟಕಿಯೇ ಇಲ್ಲದಂಥ ಎತ್ತರದ ಕೋಣೆ.

ಭಾವ ಆರ್ಕೆಸ್ಟ್ರಾದಲ್ಲಿ ಪ್ಯಾಡ್ ನುಡಿಸೋನು. ಗಣಪತಿ ಕೂರಿಸೋ ಕಡೆ, ಮದುವೆ ಆರತಕ್ಷತೆ, ಕನ್ನಡ ರಾಜ್ಯೋತ್ಸವ. ಎಂಟು ಚೌಕದ ಆ ರಬ್ಬರ್ ಹಲಗೆಯನ್ನ ನೀವು ಎಲ್ಲ ಸ್ಟೇಜಿನಲ್ಲೂ ನೋಡಿರ್ತೀರಿ. ರೋಲ್ಯಾಂಡ್ ಕಂಪನಿ ಮೊದಲ ಆಕ್ಟಾಪ್ಯಾಡ್ ತಂದಿದ್ದು 1985ರಲ್ಲಿ. ಭಾವನ ಹತ್ತಿರ ಇರೋದು ಎಸ್‌ಪಿಡಿ-30, ಅದೂ ಸೆಕೆಂಡ್ ಹ್ಯಾಂಡ್. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಒಂದೇ ವಾರದಲ್ಲಿ ಅವನ ಡೈರಿಯ ಎರಡು ತಿಂಗಳ ಪ್ರೋಗ್ರಾಂ ಖಾಲಿಯಾಯ್ತು. ಆಗಲೇ ನನಗೆ ಫೋನ್ ಬಂದಿದ್ದು: "ಲೋ, ಮನೇಲೇ ರಿದಂ ರೆಕಾರ್ಡ್ ಮಾಡಿ ಕಳ್ಸಿದ್ರೆ ಬೆಂಗಳೂರಲ್ಲಿ ತಗೊಳೋರವ್ರೆ. ಏನೇನ್ ಬೇಕು ಹೇಳ್ಲಾ."

ಒಂದು ಕಾಲಕ್ಕೆ ಕನ್ನಡದ ಹಾಡು ರೆಕಾರ್ಡ್ ಮಾಡೋದಕ್ಕೆ ಮದ್ರಾಸಿಗೆ ಹೋಗಬೇಕಿತ್ತು. ಶಂಕರ್‌ನಾಗ್ ಬೆಂಗಳೂರಲ್ಲಿ ಸಂಕೇತ್ ಸ್ಟುಡಿಯೋ ಮಾಡಿದ್ದು ಆ ದೂರವನ್ನ ಕಮ್ಮಿ ಮಾಡೋದಕ್ಕೆ. ಈಗ ಅದೇ ದೂರ ಬೈಲಕುಪ್ಪೆಯ ಒಂದು ಮನೆಯ ಹತ್ತಡಿ ಕೋಣೆಗೆ ಬಂದು ನಿಂತಿತ್ತು.

ಪಟ್ಟಿ ಚಿಕ್ಕದು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ತಗೊಂಡ ಹಳೇ ಥಿಂಕ್‌ಪ್ಯಾಡ್, 16 ಜಿಬಿ ರ‍್ಯಾಮ್, ಹಾರ್ಡ್‌ಡಿಸ್ಕ್ ಕಿತ್ತು ಹಾಕಿದ ಎಸ್‌ಎಸ್‌ಡಿ. ಎರಡು ಇನ್‌ಪುಟ್ ಇರೋ ಕೆಂಪು ಡಬ್ಬಿ, ಅಂದರೆ ಸ್ಕಾರ್ಲೆಟ್ 2ಐ2 ಆಡಿಯೋ ಇಂಟರ್‌ಫೇಸ್. ಕಿವಿ ಪೂರ್ತಿ ಮುಚ್ಚೋ ಹೆಡ್‌ಫೋನ್. ರೀಪರ್ ಅನ್ನೋ ಸಾಫ್ಟ್‌ವೇರ್: 60 ದಿನ ಪರೀಕ್ಷೆಗೆ ಬಿಟ್ಟಿ, ಆಮೇಲೆ ಸಣ್ಣ ಬಳಕೆದಾರರಿಗೆ 60 ಡಾಲರ್. ಶೂರ್ ಎಸ್‌ಎಂ57 ಮೈಕು ಆರ್ಕೆಸ್ಟ್ರಾದ್ದೇ ಎರಡಿತ್ತು.

ಈ ಹಳೇ ಲ್ಯಾಪ್‌ಟಾಪ್ ಸಾಕಾಗುತ್ತಾ ಅಂತ ನಿಮಗೆ ಅನುಮಾನ ಬಂದಿರುತ್ತೆ. ಡ್ರಮ್ಮರ್‌ಗೆ ಕಂಪ್ಯೂಟರಿನಿಂದ ಬೇಕಾಗಿರೋದು ಶಕ್ತಿಗಿಂತ ಹೆಚ್ಚಾಗಿ ಸಮಯ. ಏಟು ಬಿದ್ದ ತಕ್ಷಣ ಸದ್ದು ಕಿವಿಗೆ ಬರಬೇಕು. ಕಂಪ್ಯೂಟರ್ ಶಬ್ದವನ್ನ ಹನಿ ಹನಿಯಾಗಿ ಕಳಿಸಲ್ಲ, ಬಿಂದಿಗೆ ತುಂಬಿಸಿ ತುಂಬಿಸಿ ಕಳಿಸುತ್ತೆ. ಆ ಬಿಂದಿಗೆಗೆ ಬಫರ್ ಅಂತಾರೆ. ಸೆಕೆಂಡಿಗೆ 48,000 ಸ್ಯಾಂಪಲ್ ಲೆಕ್ಕದಲ್ಲಿ 1024 ಸ್ಯಾಂಪಲ್‌ನ ಬಿಂದಿಗೆ ತುಂಬೋದಕ್ಕೆ 21 ಮಿಲಿಸೆಕೆಂಡ್ ಬೇಕು. 128 ಸ್ಯಾಂಪಲ್‌ನ ಬಿಂದಿಗೆಗೆ ಮೂರು ಮಿಲಿಸೆಕೆಂಡೂ ಬೇಡ.

21 ಮಿಲಿಸೆಕೆಂಡ್ ಏನು ಮಹಾ ಅನ್ನಿಸಬಹುದು. ನಾವು ವೆಬ್ ಪುಟ ಬರೆಯೋರು 200 ಮಿಲಿಸೆಕೆಂಡಿಗೆ ಉತ್ತರ ಬಂದರೆ ಬೆನ್ನು ತಟ್ಟಿಕೊಳ್ತೀವಿ. ಆದರೆ ಗಾಳಿಯಲ್ಲಿ ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತೆ. ಅಂದರೆ 21 ಮಿಲಿಸೆಕೆಂಡ್ ತಡ ಅಂದರೆ ನಿಮ್ಮ ಡ್ರಮ್ ನಿಮ್ಮಿಂದ 24 ಅಡಿ ದೂರ ಇದ್ದ ಹಾಗೆ. ಜಗಲಿ ಮೇಲೆ ಕೂತು ಹೊಡೆದ ಏಟು ದನದ ಕೊಟ್ಟಿಗೆಯಿಂದ ಕೇಳಿಸಿದ ಹಾಗೆ. ಭಾವನಿಗೆ ಈ ಲೆಕ್ಕ ಯಾವುದೂ ಗೊತ್ತಿರಲಿಲ್ಲ. ಮೊದಲನೇ ದಿನ ಎರಡು ಏಟು ಹೊಡೆದು ಕೋಲು ಕೆಳಗಿಟ್ಟ. "ಹಿಂದಿಂದ ಯಾರೋ ಅಂಗಿ ಹಿಡ್ಕೊಂಡ್ ಎಳ್ದಂಗಾಯ್ತದೆ" ಅಂದ. ಲೇಟೆನ್ಸಿ ಅನ್ನೋ ಪದಕ್ಕೆ ಇದಕ್ಕಿಂತ ಒಳ್ಳೆ ವಿವರಣೆಯನ್ನ ನಾನು ಯಾವ ಕೈಪಿಡಿಯಲ್ಲೂ ಓದಿಲ್ಲ.

ಇದಕ್ಕೆ ಮದ್ದು ಎರಡು. ವಿಂಡೋಸ್ ಆದರೆ ಅದರ ಮಾಮೂಲಿ ಡ್ರೈವರ್ ಬಿಟ್ಟು ಇಂಟರ್‌ಫೇಸ್ ಕಂಪನಿಯ ಆಸಿಯೋ ಡ್ರೈವರ್ ಹಾಕಬೇಕು. ರೆಕಾರ್ಡ್ ಮಾಡುವಾಗ ಬಫರ್ 128ಕ್ಕೆ ಇಳಿಸಬೇಕು, ಮಿಕ್ಸ್ ಮಾಡುವಾಗ 1024ಕ್ಕೆ ಏರಿಸಬೇಕು. ಆಗ ತಡವಾದರೆ ಯಾರಿಗೂ ನಷ್ಟವಿಲ್ಲ, ಕಂಪ್ಯೂಟರಿಗೂ ಉಸಿರಾಡೋಕೆ ಜಾಗ ಸಿಗುತ್ತೆ. ಎರಡನೆಯದು ಇನ್ನೂ ಸುಲಭ, ಭಾವ ಮಾಡಿದ್ದು ಅದನ್ನೇ: ನುಡಿಸುವಾಗ ಕಂಪ್ಯೂಟರಿನ ಸದ್ದು ಕೇಳೋದೇ ಬೇಡ. ಹೆಡ್‌ಫೋನಿಗೆ ಆಕ್ಟಾಪ್ಯಾಡಿನ ಸ್ವಂತ ಸದ್ದು. ಯುಎಸ್‌ಬಿ ತಂತಿಯಲ್ಲಿ ಕಂಪ್ಯೂಟರಿಗೆ ಹೋಗೋದು ಬರೀ ಮಿಡಿ.

ಮಿಡಿ ಅಂದರೆ ಸದ್ದಲ್ಲ, ಸದ್ದಿನ ಲೆಕ್ಕ. ಯಾವ ಚೌಕಕ್ಕೆ, ಯಾವ ಹೊತ್ತಿಗೆ, ಎಷ್ಟು ಜೋರಾಗಿ ಏಟು ಬಿತ್ತು ಅನ್ನೋ ಚೀಟಿ. 36 ಅಂದರೆ ಕಿಕ್, 38 ಅಂದರೆ ಸ್ನೇರ್. ಜೋರು ಒಂದರಿಂದ 127ರವರೆಗೆ. 1983ರಲ್ಲಿ ಬಂದ ಈ ಪದ್ಧತಿಗೆ ಕಾರಣರಾದ ಡೇವ್ ಸ್ಮಿತ್ ಮತ್ತು ರೋಲ್ಯಾಂಡ್ ಕಂಪನಿಯ ಇಕುತಾರೊ ಕಾಕೆಹಾಶಿಗೆ 2013ರಲ್ಲಿ ಟೆಕ್ನಿಕಲ್ ಗ್ರ್ಯಾಮಿ ಸಿಕ್ಕಿತು. ಚೀಟಿ ಕಂಪ್ಯೂಟರಿನಲ್ಲಿದ್ದರೆ ಸಾಕು, ಸದ್ದನ್ನ ಆಮೇಲೆ ಬದಲಾಯಿಸಿಕೊಳ್ಳಬಹುದು. ಪ್ಯಾಡಿನ ನಂಬರ್ ಯಾವುದು, ಲೈಬ್ರರಿಯ ನಂಬರ್ ಯಾವುದು ಅಂತ ಹೊಂದಿಸೋದಕ್ಕೆ ನಾವಿಬ್ಬರೂ ಫೋನಿನಲ್ಲೇ ಒಂದು ಭಾನುವಾರ ಕಳೆದೆವು. ಆ ಪಟ್ಟಿಯನ್ನ ಭಾವ ಹೊಗೆಸೊಪ್ಪಿನ ಕೂಲಿ ಲೆಕ್ಕದ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿಟ್ಟಿದ್ದಾನೆ.

ಅಪಾರ್ಟ್‌ಮೆಂಟಿನಲ್ಲಿರೋರಿಗೆ ಒಂದು ಮಾತು. ನಿಮ್ಮ ಕಷ್ಟ ಕಂಪ್ಯೂಟರ್ ಅಲ್ಲ, ಕೆಳಗಿನ ಮನೆಯವರು. ಎಲೆಕ್ಟ್ರಾನಿಕ್ ಕಿಟ್ ಸದ್ದು ಮಾಡಲ್ಲ ಅಂದುಕೊಳ್ತೀರಿ, ಕಿಕ್ ಪೆಡಲಿನ ಗುದ್ದು ನೆಲದಲ್ಲಿ ಇಳಿದು ಅವರ ಮನೆಯಲ್ಲಿ ಕೇಳುತ್ತೆ. ಎರಡು ಪ್ಲೈವುಡ್ ಹಲಗೆ ನಡುವೆ ಟೆನಿಸ್ ಬಾಲ್ ಜೋಡಿಸಿ ಅದರ ಮೇಲೆ ಕಿಟ್ ಇಡಿ. ಐ9ಗೆ ಕೊಡೋ ದುಡ್ಡಿನಲ್ಲಿ ಇದು ಪುಡಿಗಾಸು.

ಹಳ್ಳಿಯ ಕಷ್ಟ ಬೇರೆ. ನಮ್ಮಲ್ಲಿ ಮೊದಲು ಬಂದಿದ್ದು ಗುಂಯ್ ಅನ್ನೋ ಸದ್ದು. ಕರೆಂಟಿನ 50 ಹರ್ಟ್ಸ್ ರೆಕಾರ್ಡಿಂಗಿನೊಳಗೆ ಬಂದು ಕೂರ್ತಿತ್ತು. ಅರ್ಥಿಂಗ್ ಗುಂಡಿಗೆ ಉಪ್ಪು, ಇದ್ದಿಲು ಹಾಕಿಸಿ ನೀರು ಬಿಟ್ಟ ಮೇಲೆ ಅರ್ಧ ಹೋಯ್ತು. ಚಾರ್ಜರ್ ಕಿತ್ತು ಲ್ಯಾಪ್‌ಟಾಪನ್ನ ಬ್ಯಾಟರಿ ಮೇಲೆ ಓಡಿಸಿದಾಗ ಪೂರ್ತಿ ಹೋಯ್ತು. ಕೆಂಪು ಡಬ್ಬಿಗೂ ಯುಎಸ್‌ಬಿಯಿಂದಲೇ ಕರೆಂಟು. ಹಾಗಾಗಿ ಪವರ್ ಕಟ್ ಆದ ಹೊತ್ತೇ ರೆಕಾರ್ಡಿಂಗಿಗೆ ಒಳ್ಳೆ ಹೊತ್ತು. ಪಂಪ್‌ಸೆಟ್ಟೂ ನಿಂತಿರುತ್ತೆ, ಪಕ್ಕದ ಮನೆ ಟಿವಿನೂ ನಿಂತಿರುತ್ತೆ.

ಹೀಗೆ ಎರಡು ವರ್ಷ ಚೆನ್ನಾಗೇ ನಡೀತು. ಭಕ್ತಿಗೀತೆ, ಭಾವಗೀತೆ, ಯೂಟ್ಯೂಬ್ ಹಾಡು. ಮಿಡಿ ಫೈಲ್ ಒಂದು ಫೋಟೋಗಿಂತ ಚಿಕ್ಕದು, ಮೊಬೈಲ್ ನೆಟ್‌ವರ್ಕ್ ಒಂದು ಕಡ್ಡಿ ಇದ್ದರೂ ಹೋಗುತ್ತೆ. ಆಮೇಲೆ ಬೆಂಗಳೂರಿನ ಒಬ್ಬ ಸಂಗೀತ ನಿರ್ದೇಶಕರು ಕೇಳಿದರು, "ತಮಟೆ ಇದೆಯಾ?"

ಇರಲಿಲ್ಲ. ಡ್ರಮ್ ಲೈಬ್ರರಿಗಳ ವೈಭವ ನಿಮಗೆ ಗೊತ್ತಿರಬಹುದು. ಸುಪೀರಿಯರ್ ಡ್ರಮ್ಮರ್ 3 ಅನ್ನೋ ಒಂದೇ ಸಾಫ್ಟ್‌ವೇರಿನಲ್ಲಿ 230 ಜಿಬಿಗೂ ಹೆಚ್ಚು ಸದ್ದು ಇದೆ. ಬೆಲ್ಜಿಯಂನ ಗ್ಯಾಲಕ್ಸಿ ಸ್ಟುಡಿಯೋದಲ್ಲಿ ಜಾರ್ಜ್ ಮ್ಯಾಸೆನ್‌ಬರ್ಗ್ ಅನ್ನೋ ಹೆಸರಾಂತ ಎಂಜಿನಿಯರ್ ಕೂತು ರೆಕಾರ್ಡ್ ಮಾಡಿದ್ದು. ಒಂದೊಂದು ಡ್ರಮ್ಮಿಗೂ ಮೆಲ್ಲಗೆ, ಇನ್ನೂ ಸ್ವಲ್ಪ ಜೋರಾಗಿ, ಪೂರ್ತಿ ಜೋರಾಗಿ ಅಂತ ನೂರಾರು ಏಟು. ಭಾವನ ಹತ್ತಿರ ಇದ್ದ ಲೈಬ್ರರಿಗಳಲ್ಲಿ ತಬಲ ಇತ್ತು, ಢೋಲಕ್ ಇತ್ತು, ಬ್ರೆಜಿಲಿನ ವಾದ್ಯವೂ ಇತ್ತು. ನಮ್ಮೂರಿನ ಮಾರಿಹಬ್ಬದಲ್ಲಿ, ಸಾವಿನ ಮೆರವಣಿಗೆಯಲ್ಲಿ, ಪಿರಿಯಾಪಟ್ಟಣದ ಮಸಣೀಕಮ್ಮನ ಜಾತ್ರೆಯಲ್ಲಿ ಕೇಳೋ ತಮಟೆ ಯಾವುದರಲ್ಲೂ ಇರಲಿಲ್ಲ. 2023ರಲ್ಲಿ ಚಿಕ್ಕಬಳ್ಳಾಪುರದ ಕಡೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ವಾದ್ಯ ರಾಷ್ಟ್ರಪತಿ ಭವನದವರೆಗೆ ಹೋಯ್ತು, ನಮ್ಮ ಹಾರ್ಡ್‌ಡಿಸ್ಕಿನ ಲೈಬ್ರರಿಗಳಿಗೆ ಇನ್ನೂ ಬಂದಿರಲಿಲ್ಲ.

"ಇಲ್ಲ ಅಂದ್ರೆ ನಾವೇ ಮಾಡಾನ" ಅಂದ ಭಾವ. ಆ ಜನವರಿಯಲ್ಲಿ ನಾನು ರಜೆ ಹಾಕಿ ಊರಿಗೆ ಹೋದೆ.

ಊರಿನ ಕೇರಿಯಲ್ಲಿ ಒಬ್ಬ ತಾತ ಇದ್ದಾರೆ. ನಾವು ಹುಟ್ಟಿದಾಗಿನಿಂದ ಊರಿನ ಎಲ್ಲ ಹಬ್ಬಕ್ಕೂ ಅವರದ್ದೇ ತಮಟೆ. ಭಾವ ಕರೆದ, ಅವರು ಬಂದರು, ಜಗಲಿ ಹತ್ತಿರ ನಿಂತರು. "ಇಲ್ಲೇ ಬಡೀತೀನಿ ಬುದ್ಧಿ, ಒಳಗ್ಯಾಕೆ." ಅತ್ತೆ ಬಾಗಿಲಲ್ಲೇ ನಿಂತಿದ್ದರು. ಬನ್ನಿ ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಭಾವನ ಕೋಣೆ ನಡುಮನೆ ದಾಟಿ, ದೇವರ ಕೋಣೆಯ ಪಕ್ಕಕ್ಕೆ. ಹೋಮ್ ಸ್ಟುಡಿಯೋ ಅಂತ ನಾವು ಸಲೀಸಾಗಿ ಹೇಳ್ತೀವಲ್ಲ, ಆ ಹೋಮ್ ಅನ್ನೋದರ ಹೊಸಿಲು ಎಲ್ಲರಿಗೂ ಒಂದೇ ಎತ್ತರ ಇರಲ್ಲ.

ಭಾವ ಸುಮ್ಮನೆ ಲ್ಯಾಪ್‌ಟಾಪ್ ಮಡಚಿ ಬಗಲಿಗಿಟ್ಟುಕೊಂಡ. "ಬ್ಯಾರನ್‌ಗೆ ನಡೀರಿ ತಾತ. ಆ ರೂಮು ಚಿಕ್ಕದು, ತಮಟೆ ಸದ್ದು ತಡ್ಯಲ್ಲ" ಅಂದ. ಅದು ನಿಜವೇ. ಅದೊಂದೇ ನಿಜವಲ್ಲ ಅಂತ ಅಲ್ಲಿದ್ದ ನಾಲ್ಕೂ ಜನಕ್ಕೂ ಗೊತ್ತಿತ್ತು.

ಜನವರಿಯಲ್ಲಿ ಬ್ಯಾರನ್ ಖಾಲಿ ಇರುತ್ತೆ. ನಮ್ಮದು 16 ಅಡಿ ಚೌಕ, ಸುತ್ತ ಇಟ್ಟಿಗೆ ಗೋಡೆ. ಚಪ್ಪಾಳೆ ತಟ್ಟಿದರೆ ಗೋಡೆಯಿಂದ ಗೋಡೆಗೆ ಬಡಿದು ಟರ್‌ರ್ ಅಂತ ವಾಪಸ್ ಬರುತ್ತೆ. ಎರಡು ಗೋಡೆಗೆ ಗೋಣಿತಾಟು ಇಳಿಬಿಟ್ಟೆವು, ಮೂಲೆಯಲ್ಲಿ ಒಣಹುಲ್ಲಿನ ಹೊರೆ ಪೇರಿಸಿದೆವು. ಒಣಹುಲ್ಲು ಶಬ್ದವನ್ನ ಚೆನ್ನಾಗಿ ನುಂಗುತ್ತೆ. ಆದರೂ ಪ್ರತಿ ಏಟಿಗೂ ಎಲ್ಲೋ ಒಂದು ಝಣ್ ಅನ್ನೋ ಸದ್ದು. ಮೈಕು ಬದಲಾಯಿಸಿದೆವು, ತಂತಿ ಬದಲಾಯಿಸಿದೆವು. ಕಡೆಗೆ ತಾತನೇ ಕೋಲಿನಿಂದ ನೆಲದ ಕಡೆ ತೋರಿಸಿದರು. ಒಲೆಯ ಬಿಸಿ ಸಾಗೋ ತಗಡಿನ ಕೊಳವೆಗಳು ತಮಟೆಗೆ ದನಿಗೂಡಿಸ್ತಿದ್ದವು. ಅವುಗಳ ಮೇಲೆ ಮರಳು ಚೀಲ ಹೇರಿದ ಮೇಲೆ ಸುಮ್ಮನಾದವು.

ಒಂದು ಮೈಕು ಚರ್ಮದ ಮುಂದೆ, ಒಂದು ಹಿಂದೆ. ಚರ್ಮ ಮುಂದಕ್ಕೆ ಉಬ್ಬಿದಾಗ ಹಿಂದಿನ ಮೈಕಿಗೆ ಅದು ತಗ್ಗಿದ ಹಾಗೆ, ಆದ್ದರಿಂದ ಹಿಂದಿನ ಟ್ರ್ಯಾಕಿನ ಅಲೆಯನ್ನ ಸಾಫ್ಟ್‌ವೇರಿನಲ್ಲಿ ತಿರುವು ಹಾಕಬೇಕು. ಇಲ್ಲದಿದ್ದರೆ ಎರಡೂ ಸೇರಿ ತಮಟೆಯ ಗುಂಡಿಗೆಯೇ ಮಾಯವಾಗುತ್ತೆ. ಗೇನ್ ಕಮ್ಮಿ ಇಟ್ಟೆವು, ಅತಿ ಜೋರಿನ ಏಟೂ ಮೈನಸ್ 10 ಡೆಸಿಬೆಲ್ ದಾಟದ ಹಾಗೆ. 24 ಬಿಟ್ ರೆಕಾರ್ಡಿಂಗಿನಲ್ಲಿ ಕಮ್ಮಿ ಇಟ್ಟರೆ ಏನೂ ಹೋಗಲ್ಲ. ಸೊನ್ನೆ ದಾಟಿ ಒಡೆದ ಏಟನ್ನ ಮಾತ್ರ ಆಮೇಲೆ ಸರಿಮಾಡೋದು ಕಷ್ಟ.

ಭಾವನ ಲೆಕ್ಕ ಲೈಬ್ರರಿಯದ್ದು. ದಪ್ಪ ಕೋಲಿನ ಏಟು ಎಂಟು ಹಂತ, ಸಣ್ಣ ಕೋಲಿನ ಏಟು ಎಂಟು ಹಂತ, ಒಂದೊಂದಕ್ಕೂ ಐದು ಸಲ. ಒಟ್ಟು ಎಂಬತ್ತು ಏಟು. ಅವನ್ನ ಆಕ್ಟಾಪ್ಯಾಡಿನ ಚೌಕಗಳಿಗೆ ಕಟ್ಟಿದರೆ ಮುಗೀತು, ಭಾವ ಬೇಕಾದಾಗ ತಮಟೆ ನುಡಿಸಬಹುದು. ತಾತ ಹೊರಗೆ ಬೆಂಕಿಯಲ್ಲಿ ತಮಟೆ ಕಾಯಿಸಿಕೊಂಡು ಬಂದು ಶುರು ಮಾಡಿದರು. ಇಬ್ಬನಿ ಬೀಳೋ ಹೊತ್ತು. ಇಪ್ಪತ್ತು ಏಟು ಆಗೋದರೊಳಗೆ ಚರ್ಮ ಸಡಿಲ ಬಿದ್ದು ದನಿ ಇಳೀತಿತ್ತು. ಸ್ಕ್ರೀನಿನಲ್ಲಿ ಅದು ನಮಗೆ ಕಾಣೋ ಮುಂಚೆ ತಾತ ಎದ್ದು ಬೆಂಕಿಯ ಹತ್ತಿರ ಹೋಗಿರ್ತಿದ್ದರು.

ಮೂರನೇ ಸಲ ಕಾಯಿಸಿಕೊಂಡು ಬಂದವರು ಕೂರಲಿಲ್ಲ. "ಹಿಂಗೆ ಒಂದೊಂದೇ ಏಟು ಯಾಕ್ ಬುದ್ಧಿ?" ಅಂತ ಕೇಳಿದರು. ಭಾವ ವಿವರಿಸಿದ: ಏಟುಗಳೆಲ್ಲ ಇದರೊಳಗೆ ಕೂತಿರುತ್ತವೆ, ಆಮೇಲೆ ಯಾವ ಹಾಡಿಗೆ ಬೇಕಾದರೂ ಜೋಡಿಸಿಕೊಳ್ಳಬಹುದು. ತಾತ ಸ್ವಲ್ಪ ಹೊತ್ತು ಲ್ಯಾಪ್‌ಟಾಪನ್ನೇ ನೋಡಿದರು. "ಎಲ್ಲಾ ಏಟೂ ಇವತ್ತೇ ಕೊಟ್ಬುಟ್ರೆ, ನಾಳೆ ನಮ್ಮನ್ನ ಯಾರ್ ಕರೀತಾರೆ?"

ಸಿಟ್ಟಿನಿಂದ ಕೇಳಿದ್ದಲ್ಲ. ಮಾಮೂಲಿ ವಿಚಾರಿಸಿದ ಹಾಗೆ ಕೇಳಿದ್ದು. ಬ್ಯಾರನ್ನಿನಲ್ಲಿ ಯಾರೂ ಮಾತಾಡಲಿಲ್ಲ.

ಯಾಕಂದರೆ ಭಾವನಿಗೆ ಉತ್ತರ ಗೊತ್ತಿತ್ತು. ಅವನು ಆರ್ಕೆಸ್ಟ್ರಾ ಸೇರಿದಾಗ ಸ್ಟೇಜಿನಲ್ಲಿ ತಬಲದವರೊಬ್ಬರು, ಢೋಲಕ್ಕಿನವರೊಬ್ಬರು, ಕಾಂಗೋದವರೊಬ್ಬರು ಇದ್ದರು. ಪ್ಯಾಡ್ ಬಂದ ಮೇಲೆ ಒಬ್ಬನೇ ಸಾಕಾಯ್ತು, ಆ ಒಬ್ಬ ಇವನು. ಆ ಮೂವರಲ್ಲಿ ಒಬ್ಬರು ಈಗ ಕುಶಾಲನಗರದಲ್ಲಿ ಆಟೋ ಓಡಿಸ್ತಾರೆ, ಎದುರು ಸಿಕ್ಕರೆ ನಗ್ತಾರೆ. ಇನ್ನು ನನಗಂತೂ ಉತ್ತರ ಇನ್ನೂ ಚೆನ್ನಾಗಿ ಗೊತ್ತಿತ್ತು. ನಮ್ಮ ಕೆಲಸವೇ ಅದಲ್ಲವಾ? ಯಾರೋ ದಿನಾ ಮಾಡೋ ಕೆಲಸವನ್ನ ಒಂದು ಸಲ ಸರಿಯಾಗಿ ಕೇಳಿ ಬರೆದುಕೊಂಡು, ಮತ್ತೆ ಆ ಮನುಷ್ಯನನ್ನ ಕರೆಯೋ ಅಗತ್ಯವೇ ಇರದ ಹಾಗೆ ಮಾಡೋದು. ಅದಕ್ಕೆ ನಮಗೆ ಸಂಬಳ, ವರ್ಷಕ್ಕೊಮ್ಮೆ ಹೈಕು. ಈಗ ನಮ್ಮ ಕೋಡನ್ನೂ ಯಂತ್ರ ಬರೆಯೋ ಕಾಲ ಬಂದಾಗ ಕ್ಯಾಂಟೀನಿನಲ್ಲಿ ನಾವೂ ಇದೇ ಪ್ರಶ್ನೆ ಕೇಳಿಕೊಳ್ತೀವಿ, ಇಂಗ್ಲಿಷಿನಲ್ಲಿ.

ಭಾವ ಆ ನಲವತ್ತೋ ಐವತ್ತೋ ಏಟಿನ ಫೈಲನ್ನ ತಾತನ ಎದುರೇ ಅಳಿಸಿದ. "ಏಟು ಬ್ಯಾಡ ತಾತ. ಹಾಡು ಕೇಳಿ, ಪೂರ್ತಿ ನುಡ್ಸಿ" ಅಂದ.

ಅಲ್ಲಿಂದ ಸೆಟಪ್ಪೇ ಬದಲಾಯ್ತು. ಯಂತ್ರ ಅದೇ, ಅದರ ಕೆಲಸ ಬೇರೆ. ಮೊದಲ ತೊಡಕು ಕ್ಲಿಕ್ಕಿನದ್ದು. ನಿರ್ದೇಶಕರು ಕಳಿಸಿದ ಹಾಡು ನಿಮಿಷಕ್ಕೆ 120 ಬೀಟಿನ ಗೆರೆಗಳ ಮೇಲೆ ಕೂತಿತ್ತು. ತಾತನಿಗೆ ಹೆಡ್‌ಫೋನಿನ ಟಿಕ್ ಟಿಕ್ ಹಿಂಸೆ. ಬಿಡುಗೈಯಲ್ಲಿ ನುಡಿಸಿದರೆ ಅವರ ಗತಿ ಮೆಲ್ಲಗೆ ಹೊರಟು, ಕುಣಿಯೋರ ಕಾಲು ಬಿಸಿಯಾದ ಹಾಗೆ ಏರುತ್ತೆ. ಅದು ತಪ್ಪಲ್ಲ, ತಮಟೆ ಇರೋದೇ ಅದಕ್ಕೆ. ಸಾಮಾನ್ಯವಾಗಿ ಇಂಥ ಕಡೆ ಎಲ್ಲರೂ ಕ್ವಾಂಟೈಸ್ ಮಾಡ್ತಾರೆ. ಅಂದರೆ ಪ್ರತಿ ಏಟನ್ನೂ ಕತ್ತರಿಸಿ ಹತ್ತಿರದ ಗೆರೆಗೆ ಎಳೆದು ಕೂರಿಸೋದು. ಆದರೆ ರೀಪರ್‌ನಂಥ ಸಾಫ್ಟ್‌ವೇರಿನಲ್ಲಿ ಅದರ ಉಲ್ಟಾನೂ ಮಾಡಬಹುದು. ಏಟನ್ನ ಮುಟ್ಟದೆ, ಗೆರೆಯನ್ನೇ ಏಟು ಬಿದ್ದ ಕಡೆಗೆ ಎಳೆಯೋದು. ಟೆಂಪೋ ಮ್ಯಾಪ್ ಅಂತಾರೆ. ಆಮೇಲೆ ಕೀಬೋರ್ಡು, ಬೇಸು ಎಲ್ಲ ಆ ಬಾಗಿದ ಗೆರೆಯನ್ನ ಹಿಂಬಾಲಿಸುತ್ತವೆ. ಒಂದು ಹಾಡಿಗೆ ಅರ್ಧ ದಿನದ ಕೆಲಸ. ಆ ಅರ್ಧ ದಿನ ಕೊಡೋದಕ್ಕೆ ಸಿದ್ಧರಿದ್ದರೆ ಮಾತ್ರ ಕಂಪ್ಯೂಟರ್ ತಾತನ ಹಿಂದೆ ನಡೆಯುತ್ತೆ. ಇಲ್ಲದಿದ್ದರೆ ತಾತನೇ ಕಂಪ್ಯೂಟರಿನ ಹಿಂದೆ ನಡೀಬೇಕು.

ಹಾಡು ಮೊದಲೇ ಮುಗಿದಿದ್ದರೆ ಈ ದಾರಿ ಇಲ್ಲ. ಆಗ ಭಾವ ಕ್ಲಿಕ್ಕಿನ ಬದಲು ತಾತನ ಎದುರು ತಾನೇ ಕೂತು ಹೆಡ್‌ಫೋನ್ ಹಾಕಿಕೊಂಡು ತಲೆ ಆಡಿಸ್ತಾನೆ. ತಾತ ಅವನ ತಲೆ ನೋಡಿ ನುಡಿಸ್ತಾರೆ. ಯಾವ ಅಂಗಡಿಯಲ್ಲೂ ಸಿಗದ ಮೆಟ್ರೊನೋಮ್ ಅದು.

ಎರಡು ಮೈಕು, ಐದು ನಿಮಿಷದ ಹಾಡು, 24 ಬಿಟ್, 48 ಕಿಲೋಹರ್ಟ್ಸ್: ಫೈಲು ಸುಮಾರು 86 ಎಂಬಿ. ಮಿಡಿ ಚೀಟಿಯ ಹಾಗೆ ಹಗುರ ಅಲ್ಲ, ರಾತ್ರಿ ನೆಟ್‌ವರ್ಕ್ ಬಂದಾಗ ಅಪ್‌ಲೋಡಿಗೆ ಹಾಕಿ ಮಲಗ್ತಾನೆ. ಫೈಲಿನ ಹೆಸರಿನಲ್ಲಿ ತಾತನ ಹೆಸರು, ಊರು ಇರುತ್ತೆ. ಹಾಡಿನ ವಿವರದಲ್ಲಿ ಆ ಹೆಸರು ಹಾಕಿ ಅಂತ ಪ್ರತಿ ಸಲವೂ ಕೇಳ್ತಾನೆ. ಕೆಲವರು ಹಾಕ್ತಾರೆ, ಕೆಲವರು "ಜಾಗ ಇಲ್ಲ" ಅಂತಾರೆ. ದುಡ್ಡು ಬಂದ ದಿನವೇ ಅರ್ಧ ತಾತನಿಗೆ. ಲೈಬ್ರರಿ ಮಾಡಿದ್ದರೆ ಭಾವನಿಗೆ ಇದಕ್ಕಿಂತ ಜಾಸ್ತಿ ಉಳೀತಿತ್ತು ಅನ್ನೋದರಲ್ಲಿ ಅನುಮಾನ ಇಲ್ಲ. ನಾನೂ ಒಂದು ಸಲ ಲೆಕ್ಕ ಹಾಕಿ ತೋರಿಸಿದೆ. "ಗೊತ್ತು ಬುಡ್ಲಾ" ಅಂದ, ಅಷ್ಟೇ.

ಹಾಗಾಗಿ ಲ್ಯಾಪ್‌ಟಾಪ್ ಕೇಳೋರಿಗೆ ನನ್ನ ಉತ್ತರ ಇಷ್ಟು. ಹಳೇದಾದರೂ ಪರವಾಗಿಲ್ಲ, ಎಸ್‌ಎಸ್‌ಡಿ ಇರಲಿ, 16 ಜಿಬಿ ಇರಲಿ. ದುಡ್ಡನ್ನ ಇಂಟರ್‌ಫೇಸಿಗೆ, ಹೆಡ್‌ಫೋನಿಗೆ, ಗೋಡೆಗೆ ಹಾಕಿ. ಬಫರ್ 128. ಅದಕ್ಕಿಂತ ಮುಂಚೆ, ನಿಮ್ಮ ಸೆಟಪ್ ಯಾರನ್ನ ಕೋಣೆಯೊಳಗೆ ಕರೆಯೋದಕ್ಕೆ, ಯಾರನ್ನ ಕರೆಯದೇ ಇರೋದಕ್ಕೆ ಅಂತ ಒಂದು ಸಲ ಯೋಚಿಸಿ. ಒಂದೇ ಕೆಂಪು ಡಬ್ಬಿಯಿಂದ ಎರಡೂ ಆಗುತ್ತೆ.

ತಾತ ಈಗ ಮೊಮ್ಮಗನನ್ನ ಕರ್ಕೊಂಡು ಬರ್ತಾರೆ. ಅವನಿಗೆ ತಮಟೆಗಿಂತ ಲ್ಯಾಪ್‌ಟಾಪ್ ಮೇಲೆ ಕಣ್ಣು, ಭಾವ ಅವನಿಗೆ ಟ್ರ್ಯಾಕ್ ಕತ್ತರಿಸೋದು ಕಲಿಸ್ತಿದ್ದಾನೆ. "ಬುದ್ಧಿ" ಅನ್ನೋದು ಇನ್ನೂ ನಿಂತಿಲ್ಲ. ಕಾಫಿ ಬ್ಯಾರನ್ನಿಗೇ ಬರುತ್ತೆ, ಮೂವರಿಗೂ ಒಂದೇ ಥರದ ಸ್ಟೀಲ್ ಲೋಟದಲ್ಲಿ, ಅತ್ತೆಯೇ ತರ್ತಾರೆ. ಮನೆಯೊಳಗಿನ ಕೋಣೆಯ ವಿಷಯ ಯಾರೂ ಎತ್ತಿಲ್ಲ. ಜುಲೈ ಬಂದರೆ ಬ್ಯಾರನ್ನಿಗೆ ಸೊಪ್ಪು ಏರುತ್ತೆ, ಒಲೆ ಹತ್ತುತ್ತೆ. ಆಗ ರೆಕಾರ್ಡಿಂಗ್ ಎಲ್ಲಿ ಅಂತ ಈ ಸಲ ತಾತನೇ ಕೇಳಿದ್ದಾರೆ. ಭಾವ ಇನ್ನೂ ಹೇಳಿಲ್ಲ.